ಭಾವನ ವಿಡಿಯೋ ಮಾಸ್ಟೊಡಾನ್‌ಗೆ ಯಾಕೆ ಹೋಗಲಿಲ್ಲ

ಮಡಿಕೇರಿ ದಸರಾದ ದಶಮಂಟಪವನ್ನು ಒಮ್ಮೆಯಾದರೂ ನೋಡಿದವರಿಗೆ ಗೊತ್ತು, ವಿಜಯದಶಮಿ ರಾತ್ರಿ ಊರಲ್ಲಿ ಯಾರೂ ಮಲಗುವುದಿಲ್ಲ. ಹತ್ತು ದೇವಸ್ಥಾನಗಳ ಹತ್ತು ಮಂಟಪ, ಒಂದೊಂದರ ಮೇಲೂ ಕೈಕಾಲು ಆಡಿಸುವ ರಾಕ್ಷಸರು, ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಕಳೆದ ಸಲ ನಮ್ಮ ಭಾವ ಬೆಳಗಿನ ಜಾವದ ತನಕ ನಿಂತು ಮೂರು ನಿಮಿಷದ ಒಂದು ವಿಡಿಯೋ ತೆಗೆದರು. ಅದೂ 4ಕೆಯಲ್ಲಿ, ಅಂದರೆ ತುಂಬಾ ಸ್ಪಷ್ಟವಾದ ದೊಡ್ಡ ಅಳತೆಯಲ್ಲಿ. ಫೋನು ಹೊಸದು, ಅದರ ಖುಷಿ ಬೇರೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು ನಾವು ಸ್ನೇಹಿತರು ನಡೆಸುವ, ಟ್ವಿಟರ್ ಥರದ ಮಾಸ್ಟೊಡಾನ್ ಸರ್ವರ್‌ಗೆ ಹಾಕಲು ಹೋದರು. ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಗಲಿಲ್ಲ. ನನಗೆ ಫೋನ್ ಬಂತು.

"ಎಂಥ ಮಾರಾಯ ನಿಮ್ಮ ಸರ್ವರು? ವಾಟ್ಸ್ಯಾಪಲ್ಲಿ ಸೀದಾ ಹೋಯ್ತು. ಇಲ್ಲಿ ಫೈಲು ದೊಡ್ಡದಾಯ್ತಂತೆ. ಎಂಥ ಡಬ್ಬದೊಳಗೆ ಇಟ್ಟಿದ್ದೀರಿ ಅದನ್ನ?"

ಡಬ್ಬ ಅಲ್ಲ ಭಾವ, ಬಾಡಿಗೆ ಕಂಪ್ಯೂಟರು ಅಂದೆ. ಆ ಉತ್ತರ ಅವರಿಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ ಅದು ಉತ್ತರವೂ ಅಲ್ಲ. ಅದಕ್ಕೇ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ.

ವಾಟ್ಸ್ಯಾಪ್ ವಿಷಯ ಮೊದಲು ಮುಗಿಸಿಬಿಡೋಣ. ವಾಟ್ಸ್ಯಾಪಲ್ಲಿ ಸೀದಾ ಹೋಗಿದ್ದು ಭಾವನ 4ಕೆ ವಿಡಿಯೋ ಅಲ್ಲ. ಆ ಆ್ಯಪ್ ಕಳಿಸುವ ಮೊದಲೇ ಫೋನಿನೊಳಗೆ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿರುತ್ತದೆ. ನಮ್ಮ ಕಣ್ಣಿಗೆ ಫೋನಿನ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಷ್ಟೇ. ಮಾಸ್ಟೊಡಾನ್‌ನ ಸಾಮಾನ್ಯ ವೆಬ್ ಪುಟದಲ್ಲಿ ಈ ಹಿಂಡುವ ಕೆಲಸ ಫೋನಿನಲ್ಲಿ ಆಗುವುದಿಲ್ಲ, ಫೈಲು ಇದ್ದ ಹಾಗೇ ಸರ್ವರ್ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇನ್ನು ಈ ಮಾಸ್ಟೊಡಾನ್ ಎಂಥದು ಅನ್ನುವವರಿಗೆ ಎರಡು ಮಾತು. 2016ರಲ್ಲಿ ಜರ್ಮನಿಯ ಯುಜೆನ್ ರೊಚ್ಕೊ ಶುರು ಮಾಡಿದ ಸಾಫ್ಟ್‌ವೇರ್ ಇದು. ಟ್ವಿಟರ್ ಥರ ಕಾಣುತ್ತದೆ, ಆದರೆ ಒಂದೇ ಕಂಪನಿಯ ಒಂದೇ ಜಾಗ ಅಲ್ಲ. ಯಾರು ಬೇಕಾದರೂ ಒಂದು ಕಂಪ್ಯೂಟರ್ ಬಾಡಿಗೆಗೆ ತಗೊಂಡು ತಮ್ಮದೇ ಸರ್ವರ್ ನಡೆಸಬಹುದು. ಆ ಸರ್ವರ್‌ಗಳೆಲ್ಲ ಆಕ್ಟಿವಿಟಿಪಬ್ ಎಂಬ ಒಂದೇ ಭಾಷೆಯಲ್ಲಿ ಪರಸ್ಪರ ಮಾತಾಡುತ್ತವೆ, ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಒಪ್ಪಿದ ಮಾನಕ ಅದು. ಇಮೇಲ್ ಹಾಗೆ ಅಂದುಕೊಳ್ಳಿ. ಫೋಟೋಗೆ ಪಿಕ್ಸೆಲ್‌ಫೆಡ್, ವಿಡಿಯೋಗೆ ಪೀರ್‌ಟ್ಯೂಬ್, ಎಲ್ಲ ಸೇರಿ ಇದಕ್ಕೆ ಫೆಡಿವರ್ಸ್ ಅಂತ ಹೆಸರು. ನಮ್ಮ ದೇಶದವರು ಮೊದಲ ಸಲ ದಂಡಾಗಿ ಇಲ್ಲಿಗೆ ಬಂದದ್ದು 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಗಲಾಟೆಯಲ್ಲಿ. ಆಮೇಲೆ 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಪ್ರಪಂಚವೇ ಬಂತು. ರೊಚ್ಕೊ ಕೊಟ್ಟ ಲೆಕ್ಕದಲ್ಲಿ ಆ ಅಕ್ಟೋಬರ್‌ನಲ್ಲಿ ತಿಂಗಳಿಗೆ ಸುಮಾರು 3 ಲಕ್ಷ ಇದ್ದ ಬಳಕೆದಾರರು ನವೆಂಬರ್‌ಗೆ 25 ಲಕ್ಷ ಆದರು. ಇದರಲ್ಲಿ ಹೆಚ್ಚಿನ ಸರ್ವರ್‌ಗಳನ್ನು ನಡೆಸುತ್ತಿದ್ದದ್ದು ಸಂಬಳ ಇಲ್ಲದ ಜನ. ಹಗಲು ಬೇರೆ ಕೆಲಸ, ರಾತ್ರಿ ಸರ್ವರ್.

ನಮ್ಮದೂ ಅಂಥದ್ದೇ. ಆರು ಜನ ಸ್ನೇಹಿತರು ದುಡ್ಡು ಹಾಕಿ ನಡೆಸುವುದು, ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯ ನಲವತ್ತು ಜನ ಇದ್ದಾರೆ. ಮಳೆ ಎಷ್ಟು ಇಂಚು ಬಂತು, ಕರಿಮೆಣಸಿಗೆ ಏನು ರೇಟು, ಆನೆ ಯಾರ ತೋಟಕ್ಕೆ ನುಗ್ಗಿತು, ಕಾಫಿ ಹೂ ಬಿಟ್ಟಾಗ ಫೋಟೋ. ಅಷ್ಟೇ.

ಈಗ ಬಾಗಿಲಿನ ವಿಷಯ. ಮಾಸ್ಟೊಡಾನ್‌ನಲ್ಲಿ ಸದ್ಯ ಒಂದು ಚಿತ್ರ 16 ಎಂಬಿ ದಾಟಬಾರದು, ವಿಡಿಯೋ ಅಥವಾ ಆಡಿಯೋ 99 ಎಂಬಿ ದಾಟಬಾರದು, ಒಂದು ಪೋಸ್ಟ್‌ಗೆ ನಾಲ್ಕು ಚಿತ್ರ. ಕೆಲವು ವರ್ಷದ ಹಿಂದೆ ಇದಕ್ಕಿಂತ ಕಮ್ಮಿ ಇತ್ತು, ವಿಡಿಯೋಗೆ 40 ಎಂಬಿ. ಭಾವನ ವಿಡಿಯೋ ಎಷ್ಟಿತ್ತು ನೋಡಿ. ಆಪಲ್ ಕಂಪನಿ ತನ್ನ ಫೋನ್‌ಗಳಿಗೆ ಕೊಡುವ ಲೆಕ್ಕದ ಪ್ರಕಾರ 4ಕೆ ವಿಡಿಯೋ, ಸೆಕೆಂಡಿಗೆ 30 ಫ್ರೇಮ್ ಇದ್ದರೆ, ನಿಮಿಷಕ್ಕೆ ಸುಮಾರು 170 ಎಂಬಿ. 60 ಫ್ರೇಮ್ ಇಟ್ಟರೆ 400 ಎಂಬಿ. ಮೂರು ನಿಮಿಷಕ್ಕೆ ಕಮ್ಮಿ ಅಂದರೂ 500 ಎಂಬಿ ಆಯಿತು. 99ರ ಬಾಗಿಲಲ್ಲಿ ಅದು ಹೇಗೆ ತೂರುತ್ತದೆ?

"ಆ 99 ಅನ್ನು ನೀನು ಜಾಸ್ತಿ ಮಾಡು" ಅಂತ ಭಾವ. ಇಲ್ಲೊಂದು ತಮಾಷೆ ಇದೆ. ಮಾಸ್ಟೊಡಾನ್‌ನಲ್ಲಿ ಅಡ್ಮಿನ್‌ಗೆ, ಅಂದರೆ ಸರ್ವರ್ ನಡೆಸುವವರಿಗೆ, ಇರುವ ಪುಟದಲ್ಲಿ ನೂರೆಂಟು ಸೆಟ್ಟಿಂಗ್ ಇವೆ, ಈ ಮಿತಿ ಬದಲಿಸುವ ಸೆಟ್ಟಿಂಗ್ ಮಾತ್ರ ಇಲ್ಲ. 16, 99 ಎಂಬ ಸಂಖ್ಯೆಗಳು ಸಾಫ್ಟ್‌ವೇರ್ ಕೋಡ್‌ನ ಒಳಗೇ ಕೂತಿವೆ. ಬದಲಿಸಬೇಕೆಂದರೆ ಕೋಡ್ ತಿದ್ದಬೇಕು, ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ತಿದ್ದಬೇಕು, ಮುಂದಿರುವ ವೆಬ್ ಸರ್ವರ್‌ನಲ್ಲೂ ಮಿತಿ ಏರಿಸಬೇಕು. ಮಾಡುವವರು ಇದ್ದಾರೆ. ನಾವು ಮಾಡುವುದಿಲ್ಲ. ಹಾಗಾಗಿ "ಅಡ್ಮಿನ್ ಜಿಪುಣ" ಅನ್ನುವ ಮೊದಲು ಇದು ಗೊತ್ತಿರಲಿ, ಬಹಳ ಕಡೆ ಆ ಸಂಖ್ಯೆ ಅಡ್ಮಿನ್ ಇಟ್ಟದ್ದೇ ಅಲ್ಲ. ಪಿಕ್ಸೆಲ್‌ಫೆಡ್, ಮಿಸ್‌ಕೀ, ಅಕೋಮಾ ಥರದ ಫೆಡಿವರ್ಸ್‌ನ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಸೆಟ್ಟಿಂಗ್‌ನಲ್ಲೇ ಬದಲಿಸಬಹುದು, ಅದಕ್ಕೇ ಒಂದೊಂದು ಸರ್ವರ್‌ನಲ್ಲಿ ಒಂದೊಂದು ಲೆಕ್ಕ.

ಇನ್ನೊಂದು ಒಳ್ಳೆಯ ಪ್ರಶ್ನೆ ಇದೆ, ಭಾವ ಕೇಳಲಿಲ್ಲ, ನಾನೇ ಕೇಳಿಕೊಳ್ಳುತ್ತೇನೆ. ಸರ್ವರ್ ಒಳಗೆ ಹೋದ ಮೇಲೆ ದೊಡ್ಡ ಫೈಲನ್ನು ಅದು ಹೇಗೂ ಚಿಕ್ಕದು ಮಾಡುತ್ತದೆ. ಚಿತ್ರವನ್ನು ಸುಮಾರು 83 ಲಕ್ಷ ಪಿಕ್ಸೆಲ್‌ಗೆ ಇಳಿಸುತ್ತದೆ, ಅಂದರೆ 3840 ಬೈ 2160 ಅಳತೆ. ಈಗಿನ ಫೋನುಗಳು ತೆಗೆಯುವ ಹೊಸ ಮಾದರಿಯ (ಎಚ್‌ಇವಿಸಿ) ವಿಡಿಯೋ ಬಂದರೆ ಎಲ್ಲ ಬ್ರೌಸರ್‌ಗಳಲ್ಲೂ ಓಡುವ ಎಚ್.264 ಎಂಬ ಮಾದರಿಗೆ ಬದಲಿಸುತ್ತದೆ. ಜಿಫ್, ಅಂದರೆ ಅಲ್ಲಾಡುವ ಚಿತ್ರ, ಬಂದರೆ ಅದನ್ನು ಶಬ್ದ ಇಲ್ಲದ ಎಂಪಿ4 ವಿಡಿಯೋ ಮಾಡುತ್ತದೆ. ಕೊನೆಗೆ ಚಿಕ್ಕದೇ ಆಗುವುದಾದರೆ ಬಾಗಿಲಲ್ಲಿ ಯಾಕೆ ತಡೆಯಬೇಕು?

ಯಾಕೆಂದರೆ ಆ ಚಿಕ್ಕದು ಮಾಡುವ ಕೆಲಸವೇ ದೊಡ್ಡದು. 500 ಎಂಬಿ ಪೂರ್ತಿ ಬಂದು ಇಳಿಯಬೇಕು, ಅದನ್ನು ಇಡಲು ತಾತ್ಕಾಲಿಕ ಜಾಗ ಬೇಕು, ಆಮೇಲೆ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂ ಒಂದೊಂದೇ ಫ್ರೇಮ್ ಬಿಚ್ಚಿ ಮತ್ತೆ ಕಟ್ಟಬೇಕು. ನಮ್ಮ ಸರ್ವರ್‌ನ ಪ್ರೊಸೆಸರ್‌ನಲ್ಲಿ ಕೆಲಸ ಮಾಡಲು ಇರುವುದು ಎರಡೇ ಕೋರ್. ಭಾವನ ಮಂಟಪ ಅದರಲ್ಲಿ ಬೇಯುತ್ತಿರುವಷ್ಟು ಹೊತ್ತೂ ಇನ್ನೊಬ್ಬರ "ನಮ್ಮಲ್ಲಿ ಕರೆಂಟಿಲ್ಲ" ಎಂಬ ಒಂದು ಸಾಲಿನ ಪೋಸ್ಟ್ ಸಾಲಿನಲ್ಲಿ ನಿಂತಿರುತ್ತದೆ. ಮಿತಿ ಲೆಕ್ಕ ಹಾಕುವುದು ನೀವು ಕಳಿಸಿದ ಫೈಲಿಗೆ, ಕೊನೆಗೆ ಉಳಿಯುವ ಫೈಲಿಗಲ್ಲ. ಆಡಿಯೋದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಬ್ಬರು ಮನೆಯ ಹಿರಿಯರು ಹಾಡಿದ ದುಡಿ ಕೊಟ್ಟ್ ಪಾಟ್, ಅಂದರೆ ದುಡಿ ಬಡಿಯುತ್ತಾ ಹಾಡುವ ಕೊಡವ ಹಾಡು, ರೆಕಾರ್ಡ್ ಮಾಡಿ ಹಿಂಡದೇ ಇದ್ದ ಹಾಗೇ ವೇವ್ ಫೈಲ್ ಕಳಿಸಿದ್ದರು. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ 10 ಎಂಬಿ ಚಿಲ್ಲರೆ, ಹತ್ತು ನಿಮಿಷಕ್ಕೇ 99 ದಾಟಿತು. ಅದನ್ನೇ ಎಂಪಿ3 ಮಾಡಿದರೆ ನಿಮಿಷಕ್ಕೆ ಒಂದೂವರೆ ಎಂಬಿಗಿಂತ ಕಮ್ಮಿ, ಇಡೀ ಒಂದು ಗಂಟೆಯ ಪಾಟ್ ಆರಾಮಾಗಿ ಹೋಗುತ್ತದೆ. ಹಾಡು ಅದೇ, ದುಡಿ ಅದೇ.

ಇಲ್ಲಿಯ ತನಕ ಹೇಳಿದ್ದು ಕಣ್ಣಿಗೆ ಕಾಣುವ ಮಿತಿ. ಆದರೆ ಸರ್ವರ್ ನಡೆಸುವವರ ನಿದ್ದೆ ಕೆಡಿಸುವುದು ಇದಲ್ಲ.

ಒಂದು ಜುಲೈ ರಾತ್ರಿಯ ಕಥೆ ಹೇಳುತ್ತೇನೆ. ಕರೆಂಟ್ ಹೋಗಿ ಎರಡನೇ ದಿನ, ಇನ್ವರ್ಟರ್ ಕೊನೆಯ ಉಸಿರು. ಸರ್ವರ್ ಸತ್ತಿದೆ ಅಂತ ಮೆಸೇಜ್ ಬಂತು. ನಮ್ಮ ಮಳೆಗೂ ಅದಕ್ಕೂ ಸಂಬಂಧ ಇಲ್ಲ, ಸರ್ವರ್ ಇರುವುದು ಜರ್ಮನಿಯಲ್ಲಿ, ಅಲ್ಲಿ ಬಿಸಿಲು ಇದ್ದಿರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ತೋಟದ ಮೇಲಿನ ರಸ್ತೆಯ ತಿರುವಿನಲ್ಲಿ, ಒಂದು ಸಿಲ್ವರ್ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಕೊಡೆ ಹೆಗಲಿಗೆ ಸಿಕ್ಕಿಸಿಕೊಂಡು ಫೋನಿನಿಂದಲೇ ಸರ್ವರ್‌ಗೆ ಲಾಗಿನ್ ಆದೆ. ಡಿಸ್ಕ್ ಎಷ್ಟು ತುಂಬಿದೆ ಅಂತ ಕೇಳಿದರೆ ನೂರಕ್ಕೆ ನೂರು. 80 ಜಿಬಿ ಡಿಸ್ಕ್, ಒಂದು ಬೈಟ್ ಜಾಗ ಇಲ್ಲ. ಜಾಗ ಇಲ್ಲದಿದ್ದರೆ ಡೇಟಾಬೇಸ್ ಬರೆಯಲು ಆಗುವುದಿಲ್ಲ, ಬರೆಯಲು ಆಗದ ಡೇಟಾಬೇಸ್ ನಿಂತುಬಿಡುತ್ತದೆ, ಅದರ ಹಿಂದೆ ಉಳಿದದ್ದೆಲ್ಲ.

ಸರ್ವರ್ ತನ್ನ ಕೆಲಸದ ಬಗ್ಗೆ ಬರೆದಿಟ್ಟುಕೊಳ್ಳುವ ಹಳೆಯ ಲಾಗ್ ಒಂದಷ್ಟು ಅಳಿಸಿ ಉಸಿರಾಡುವಷ್ಟು ಜಾಗ ಮಾಡಿಕೊಂಡು ಡೇಟಾಬೇಸ್ ಎಬ್ಬಿಸಿದೆ. ಮಾಸ್ಟೊಡಾನ್ ಜೊತೆಗೆ ಟೂಟ್‌ಸಿಟಿಎಲ್ ಅಂತ ಒಂದು ಉಪಕರಣ ಬರುತ್ತದೆ. ಅದಕ್ಕೆ "ಮೀಡಿಯಾ ಯೂಸೇಜ್" ಅಂತ ಹೇಳಿದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ಕೊಡುತ್ತದೆ. ಮೊದಲ ಸಾಲೇ ಸಾಕಾಯಿತು. ಅಟ್ಯಾಚ್‌ಮೆಂಟ್ 51 ಜಿಬಿ, ಪಕ್ಕದಲ್ಲಿ ಬ್ರಾಕೆಟ್‌ನಲ್ಲಿ, ಲೋಕಲ್ 2.4 ಜಿಬಿ.

ಆ ಎರಡು ಸಂಖ್ಯೆ ಇನ್ನೊಮ್ಮೆ ನೋಡಿ. ನಮ್ಮ ನಲವತ್ತು ಜನ ಅಷ್ಟು ದಿನದಲ್ಲಿ ಹಾಕಿದ ಫೋಟೋ, ವಿಡಿಯೋ ಎಲ್ಲ ಸೇರಿ 2.4 ಜಿಬಿ. ಉಳಿದ 48 ಜಿಬಿ ನಮ್ಮದಲ್ಲವೇ ಅಲ್ಲ. ಬೇರೆ ಬೇರೆ ದೇಶದ ಸರ್ವರ್‌ಗಳಲ್ಲಿ ಯಾರೋ ಹಾಕಿದ ಬೆಕ್ಕು, ಬ್ರೆಡ್ಡು, ರೈಲು, ಸೂರ್ಯಾಸ್ತ.

ಅದು ಅಲ್ಲಿಗೆ ಹೇಗೆ ಬಂತು ಅನ್ನುವುದೇ ಈ ಇಡೀ ವಿಷಯದ ತಿರುಳು. ನಮ್ಮ ಸರ್ವರ್‌ನಲ್ಲಿ ಒಬ್ಬರು ಜಪಾನಿನ ಒಬ್ಬ ಫೋಟೋಗ್ರಾಫರನ್ನು ಫಾಲೋ ಮಾಡುತ್ತಾರೆ ಅಂದುಕೊಳ್ಳಿ. ಆತ ಅಲ್ಲಿ ಚಿತ್ರ ಹಾಕಿದ ತಕ್ಷಣ ಅವನ ಸರ್ವರ್ ನಮ್ಮ ಸರ್ವರ್‌ಗೆ ಸುದ್ದಿ ಕೊಡುತ್ತದೆ, ನಮ್ಮ ಸರ್ವರ್ ಹೋಗಿ ಆ ಚಿತ್ರವನ್ನು ಇಳಿಸಿಕೊಂಡು ತನ್ನ ಡಿಸ್ಕ್‌ನಲ್ಲಿ ಒಂದು ನಕಲು ಇಟ್ಟುಕೊಳ್ಳುತ್ತದೆ. ಫಾಲೋ ಮಾಡಿದವರು ಅವತ್ತು ಫೋನ್ ತೆಗೆದೇ ಇಲ್ಲ, ನೋಡಿಯೇ ಇಲ್ಲ ಅಂದರೂ ಇಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಅನ್ನುತ್ತಾರೆ. ದುಡ್ಡಿನ ಕ್ಯಾಶ್ ಅಲ್ಲ, ಅದನ್ನು ತಿನ್ನುವ ಕ್ಯಾಶ್.

ಕಾಫಿ ಕುಯ್ಲಿನ ಕಾಲಕ್ಕೆ ಹೋಲಿಸಿದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ನಿಮ್ಮ ಮನೆಯ ಕಣ ನಿಮ್ಮ ತೋಟದ ಹಣ್ಣಿಗೆ ಸಾಕು. ಆದರೆ ನಿಮಗೆ ಪರಿಚಯ ಇರುವ ಪ್ರತಿ ತೋಟದವರೂ ತಮ್ಮ ಫಸಲಿನ ಒಂದೊಂದು ಚೀಲವನ್ನು ನಿಮ್ಮ ಕಣದಲ್ಲೂ ಹರವಿ ಹೋಗುತ್ತಾರೆ ಅಂದುಕೊಳ್ಳಿ. ನಿಮ್ಮ ಹಣ್ಣು ಒಂದು ಮೂಲೆ ಸೇರುತ್ತದೆ.

ಸುಮ್ನೆ ಒಂದು ಅಂದಾಜು ಹಾಕೋಣ. ನಲವತ್ತು ಜನ, ತಲಾ 200 ಜನರನ್ನು ಫಾಲೋ ಮಾಡಿದರೆ 8,000. ಒಬ್ಬರನ್ನೇ ಹಲವರು ಫಾಲೋ ಮಾಡಿರುತ್ತಾರೆ, ಅದನ್ನು ಕಳೆದು 5,000 ಅನ್ನಿ. ಆ 5,000 ಜನ ದಿನಕ್ಕೆ ತಲಾ ಒಂದೇ ಒಂದು ಅರ್ಧ ಎಂಬಿ ಚಿತ್ರ ಹಾಕಿದರೂ ದಿನಕ್ಕೆ 2.5 ಜಿಬಿ. ತಿಂಗಳಿಗೆ 75 ಜಿಬಿ. ನಮ್ಮ ಡಿಸ್ಕ್ 80. ಇದರ ಮೇಲೆ ಪ್ರತಿಯೊಬ್ಬರ ಪ್ರೊಫೈಲ್ ಚಿತ್ರ, ಪ್ರತಿ ಲಿಂಕಿನ ಜೊತೆ ಕಾಣುವ ಪುಟ್ಟ ಚಿತ್ರ, ಎಲ್ಲವೂ ಒಂದೊಂದು ನಕಲು.

ನಾವು ಇನ್ನೊಂದು ದಡ್ಡತನವನ್ನೂ ಮಾಡಿದ್ದೆವು. ಹೊಸ ಸರ್ವರ್, ಟೈಮ್‌ಲೈನ್ ಖಾಲಿ ಖಾಲಿ ಅಂತ ಗೆಳೆಯನೊಬ್ಬ ಒಂದು ರಿಲೇಗೆ ಸೇರಿಸಿದ್ದ. ರಿಲೇ ಅಂದರೆ ಅದಕ್ಕೆ ಸೇರಿದ ಎಲ್ಲ ಸರ್ವರ್‌ಗಳ ಸಾರ್ವಜನಿಕ ಪೋಸ್ಟ್‌ಗಳನ್ನೂ ಎಲ್ಲರಿಗೂ ಹಂಚುವ ಕೊಳವೆ. ಯಾರೂ ಯಾರನ್ನೂ ಫಾಲೋ ಮಾಡಬೇಕಿಲ್ಲ, ಬಂದು ಸುರಿಯುತ್ತದೆ. ಟೈಮ್‌ಲೈನ್ ತುಂಬಿತು ಅಂತ ಖುಷಿಪಟ್ಟೆವು, ಡಿಸ್ಕ್ ಕೂಡ ತುಂಬುತ್ತಿತ್ತು.

ಆ ರಾತ್ರಿ ಮಾಡಿದ್ದು ಇಷ್ಟೆ. ಮೂರು ದಿನಕ್ಕಿಂತ ಹಳೆಯ ಹೊರಗಿನ ನಕಲುಗಳನ್ನೆಲ್ಲ ಅಳಿಸು ಅಂತ ಟೂಟ್‌ಸಿಟಿಎಲ್‌ಗೆ ಹೇಳಿದೆ. ಲಕ್ಷಗಟ್ಟಲೆ ಪುಟ್ಟ ಫೈಲು, ಒಂದೊಂದಾಗಿ ಅಳಿಯಬೇಕು. ಮಳೆಯಲ್ಲಿ ನಿಂತೇ ಇದ್ದೆ. ಮನೆಗೆ ಬಂದು ಪ್ಯಾಂಟ್ ಮಡಿಸಿದರೆ ಎರಡೂ ಕಾಲಲ್ಲಿ ಜಿಗಣೆ, ಹೊಟ್ಟೆ ತುಂಬಾ ಕುಡಿದು ದ್ರಾಕ್ಷಿ ಹಾಗೆ ಆಗಿದ್ದವು. ಈಗ ಅಡ್ಮಿನ್ ಸೆಟ್ಟಿಂಗ್‌ನಲ್ಲೇ ಇಷ್ಟು ದಿನ ಆದ ಮೇಲೆ ತಾನೇ ಅಳಿಸು ಅಂತ ಇಟ್ಟಿದ್ದೇವೆ. ಅಳಿಸಿದರೆ ಚಿತ್ರ ಹೋಗಿಬಿಡುತ್ತದಾ? ಇಲ್ಲ. ನೀವು ಹಳೆಯ ಪೋಸ್ಟ್ ತೆರೆದರೆ ನಮ್ಮ ಸರ್ವರ್ ಮೂಲ ಸರ್ವರ್‌ಗೆ ಹೋಗಿ ಮತ್ತೆ ತರುತ್ತದೆ. ಮೂಲ ಸರ್ವರೇ ಮುಚ್ಚಿಹೋಗಿದ್ದರೆ ಮಾತ್ರ ಸಿಗುವುದಿಲ್ಲ.

ಹಾಗಾದರೆ ಈ ನಕಲೇ ಯಾಕೆ, ಫೋಟೋ ಅಲ್ಲೇ ಇರಲಿ, ನೋಡುವವರು ಅಲ್ಲಿಂದಲೇ ನೋಡಲಿ ಅನ್ನಬಹುದು. ಕೆಲವು ಸಾಫ್ಟ್‌ವೇರ್ ಹಾಗೇ ಮಾಡುತ್ತವೆ, ಪ್ಲೆರೋಮಾ ಮಾಮೂಲಿಯಾಗಿ ಹೊರಗಿನ ಮೀಡಿಯಾ ಇಟ್ಟುಕೊಳ್ಳುವುದಿಲ್ಲ. ಆದರೆ ನಕಲಿಗೆ ಒಳ್ಳೆಯ ಕಾರಣಗಳಿವೆ. ನೀವು ನೇರ ಅಲ್ಲಿಂದ ನೋಡಿದರೆ ನಿಮ್ಮ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು, ಆ ಅಪರಿಚಿತ ಸರ್ವರ್‌ಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡದು, ಒಬ್ಬ ಸಾಮಾನ್ಯ ಮನುಷ್ಯನ ಒಂದು ಚಿತ್ರ ಎಲ್ಲೆಡೆ ಹಬ್ಬಿ ಲಕ್ಷ ಜನ ನೋಡಲು ಬಂದರೆ ಅವನ ಪುಟ್ಟ ಸರ್ವರ್ ಅಲ್ಲೇ ಮಲಗುತ್ತದೆ. ನಕಲು ಇದ್ದರೆ ಒಂದೊಂದು ಸರ್ವರ್ ಒಂದೊಂದೇ ಸಲ ಬಂದು ತಗೊಂಡು ಹೋಗುತ್ತದೆ, ಆಮೇಲೆ ತನ್ನವರಿಗೆ ತಾನೇ ಬಡಿಸುತ್ತದೆ. ಅಂದರೆ ನಮ್ಮ ಡಿಸ್ಕ್‌ನ ಆ 48 ಜಿಬಿ ಕಸ ಅಲ್ಲ. ನಾವು ಬೇರೆಯವರ ಭಾರ ಸ್ವಲ್ಪ ಹೊರುತ್ತಿದ್ದೇವೆ, ಅವರು ನಮ್ಮದು ಹೊರುತ್ತಿದ್ದಾರೆ. ನಿಮ್ಮ 4 ಎಂಬಿ ಕಾಫಿ ಹೂವಿನ ಫೋಟೋಗೆ 300 ಸರ್ವರ್‌ಗಳಲ್ಲಿ ಫಾಲೋವರ್ಸ್ ಇದ್ದರೆ ಆ ಒಂದೇ ಫೋಟೋ ಪ್ರಪಂಚದಲ್ಲಿ 1.2 ಜಿಬಿ ಜಾಗ ತಿನ್ನುತ್ತದೆ. ಅದರ ಬಿಲ್ಲು ಕಟ್ಟುವ 300 ಜನರಲ್ಲಿ ಒಬ್ಬರೂ ನಿಮಗೆ ಪರಿಚಯ ಇಲ್ಲ. ಅರ್ಧ ಎಂಬಿ ಮಾಡಿ ಹಾಕಿದ್ದರೆ 150 ಎಂಬಿ. ನೋಡುವವರು ಫೋನಿನಲ್ಲಿ ಎರಡು ಸೆಕೆಂಡ್ ನೋಡಿ ಮುಂದೆ ಹೋಗುತ್ತಾರೆ, ವ್ಯತ್ಯಾಸ ಯಾರಿಗೆ ಕಾಣುತ್ತದೆ ಹೇಳಿ.

ನಕಲುಗಳನ್ನು ಅಳಿಸಬಹುದು, ನಮ್ಮ ಜನರದ್ದೇ ಫೋಟೋ ಅಳಿಸಲಾಗುವುದಿಲ್ಲ. ಅದು ಮೂಲ. ಒಬ್ಬರು ದಿನಕ್ಕೆ ಮೂರು ಫೋಟೋ, ತಲಾ 4 ಎಂಬಿ ಹಾಕಿದರೆ ವರ್ಷಕ್ಕೆ 4.4 ಜಿಬಿ ಹತ್ತಿರ. ನಲವತ್ತು ಜನರೂ ಹಾಗೇ ಮಾಡಿದರೆ 175 ಜಿಬಿ. ಇನ್ನೊಂದು ವರ್ಷಕ್ಕೆ ಇನ್ನೊಂದು 175. ಬಳಕೆದಾರರು ಜಾಸ್ತಿ ಆಗದಿದ್ದರೂ ಬಿಲ್ಲು ಜಾಸ್ತಿ ಆಗುತ್ತಲೇ ಹೋಗುತ್ತದೆ.

ಇಲ್ಲಿ ದುಡ್ಡಿನ ಲೆಕ್ಕದಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಇಡುವುದಕ್ಕೆ ಒಂದು ದರ, ಹೊರಗೆ ಕಳಿಸುವುದಕ್ಕೆ ಇನ್ನೊಂದು. ಫೈಲು ಇಡಲು ಬಾಡಿಗೆಗೆ ಜಾಗ ಕೊಡುವ ಅಮೆಜಾನ್ ಎಸ್3ಯಲ್ಲಿ ಅಮೆರಿಕದ ದರ ತಗೊಂಡರೆ 1 ಜಿಬಿಯನ್ನು ಒಂದು ತಿಂಗಳು ಇಡಲು 2.3 ಸೆಂಟ್. ಅದೇ 1 ಜಿಬಿಯನ್ನು ಇಂಟರ್‌ನೆಟ್‌ಗೆ ಒಂದು ಸಲ ಕಳಿಸಲು 9 ಸೆಂಟ್, ತಿಂಗಳ ಮೊದಲ 100 ಜಿಬಿ ಮಾತ್ರ ಪುಕ್ಕಟೆ. ಮುಂಬೈ ಕೇಂದ್ರದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಒಂದು ಸಲ ತೋರಿಸುವ ಖರ್ಚು ನಾಲ್ಕು ತಿಂಗಳ ಬಾಡಿಗೆಗೆ ಹತ್ತಿರ. 15 ಎಂಬಿಯ ಒಂದು ವಿಡಿಯೋವನ್ನು 10,000 ಸಲ ನೋಡಿದರೆ 150 ಜಿಬಿ ಹೊರಗೆ ಹೋಯಿತು. ಅದಕ್ಕೇ ಇಂಥ ಸರ್ವರ್ ನಡೆಸುವವರು ಹೊರಗೆ ಕಳಿಸಲು ಮೀಟರ್ ಹಾಕದ ಜಾಗ ಹುಡುಕುತ್ತಾರೆ. ಅಂಥದ್ದೇ ಬಾಡಿಗೆ ಜಾಗವಾದ ಕ್ಲೌಡ್‌ಫ್ಲೇರ್ ಆರ್2ನಲ್ಲಿ ಆ ಖರ್ಚು ಇಲ್ಲ. ಜರ್ಮನಿಯ ಹೆಟ್ಸ್‌ನರ್ ತನ್ನ ಯುರೋಪಿನ ಕ್ಲೌಡ್ ಸರ್ವರ್‌ಗಳ ಜೊತೆ ತಿಂಗಳಿಗೆ 20 ಟಿಬಿ ಟ್ರಾಫಿಕ್ ಸೇರಿಸಿಯೇ ಕೊಡುತ್ತಾ ಬಂದಿದೆ. ಕೊಡಗಿನ ಮಳೆ ಫೋಟೋಗಳು ಜರ್ಮನಿಯಲ್ಲಿ ಯಾಕೆ ಇವೆ ಅಂತ ಕೇಳುವವರಿಗೆ ಉತ್ತರ ಇದೇ. ಫೇಸ್‌ಬುಕ್‌ಗೆ ಈ ಖರ್ಚು ಇಲ್ಲವೇ ಅಂದರೆ ಇದೆ, ಜಾಹೀರಾತಿನವರು ಕಟ್ಟುತ್ತಾರೆ. ನಮ್ಮಲ್ಲಿ ಕಟ್ಟುವುದು ಆ ಆರು ಜನ.

ಪೀರ್‌ಟ್ಯೂಬ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯದ್ದು ಅದು. ಒಂದೇ ವಿಡಿಯೋವನ್ನು ಒಂದೇ ಹೊತ್ತಿಗೆ ನೋಡುತ್ತಿರುವವರ ಬ್ರೌಸರ್‌ಗಳು ತುಂಡುಗಳನ್ನು ತಮ್ಮ ತಮ್ಮೊಳಗೆ ಹಂಚಿಕೊಳ್ಳುತ್ತವೆ, ಸರ್ವರ್ ಮೇಲಿನ ಹೊರೆ ಇಳಿಯುತ್ತದೆ. ಜಾಗದ ಹೊರೆ ಇಳಿಯುವುದಿಲ್ಲ. 1080, 720, 480 ಅಂತ ಬೇರೆ ಬೇರೆ ಅಳತೆಯಲ್ಲಿ ಪ್ರತಿ ಇಡಬೇಕು, ಹಾಗಾಗಿ ಅಲ್ಲಿ ತಲಾ ಇಷ್ಟು ಜಿಬಿ, ದಿನಕ್ಕೆ ಇಷ್ಟು ಅಂತ ಕೋಟಾ ಇಡುವುದು ಮಾಮೂಲು.

ಜಾಗ, ದುಡ್ಡು ಎರಡನ್ನೂ ಹೇಗೋ ಹೊಂದಿಸಬಹುದು. ನನಗೆ ನಿಜವಾಗಿ ಹೆದರಿಕೆ ಇರುವುದು ಮೂರನೆಯದರ ಬಗ್ಗೆ. ನಮ್ಮ ಡಿಸ್ಕ್‌ಗೆ ಬಂದು ಬೀಳುವ ಹೊರಗಿನ ಚಿತ್ರಗಳನ್ನು ನಾವು ಯಾರೂ ಮೊದಲೇ ನೋಡಿರುವುದಿಲ್ಲ. ಅದರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರವೊಂದು ಬಂದು ಕೂತರೆ? ಅಂಥದ್ದನ್ನು ಇಟ್ಟುಕೊಳ್ಳುವುದೂ ಪೋಕ್ಸೋ ಕಾಯ್ದೆಯ 15ನೇ ಸೆಕ್ಷನ್ ಕೆಳಗೆ ಅಪರಾಧ ಆಗಬಹುದು, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಗಟ್ಟಿಯಾಗಿ ಹೇಳಿದೆ. 2021ರ ಐಟಿ ನಿಯಮಗಳಲ್ಲಿ ದೊಡ್ಡ ಕಂಪನಿಗಳಿಗೆ ಇರುವ ಹೆಚ್ಚಿನ ಜವಾಬ್ದಾರಿಗಳು 50 ಲಕ್ಷ ಬಳಕೆದಾರರು ಇರುವ ಜಾಲಗಳಿಗೆ, ನಿಜ. ಆದರೆ ದೂರು ಬಂದರೆ ನೋಡಿ ತೆಗೆಯಬೇಕಾದ ಮೂಲ ಕರ್ತವ್ಯ ನಲವತ್ತು ಜನರ ಸರ್ವರ್‌ಗೂ ಇದೆ. ಅದಕ್ಕೇ ಅಡ್ಮಿನ್‌ಗಳು ಅನುಮಾನದ ಸರ್ವರ್‌ಗಳ ಮೇಲೆ "ಇವರ ಮೀಡಿಯಾ ಬೇಡ" ಅಂತ ಒಂದು ಗುರುತು ಹಾಕುತ್ತಾರೆ. ಆಗ ಅಲ್ಲಿಂದ ಅಕ್ಷರ ಮಾತ್ರ ಬರುತ್ತದೆ, ಚಿತ್ರ ಬರುವುದಿಲ್ಲ. ನಿಮಗೆ ಯಾರದ್ದೋ ಫೋಟೋ ಕಾಣದಿದ್ದರೆ ಕಾರಣ ಇದೂ ಇರಬಹುದು, ನೆಟ್ ನಿಧಾನ ಅಂತಲೇ ಅಲ್ಲ.

ನೆಟ್ ನಿಧಾನ ಅಂದಾಗ ನೆನಪಾಯಿತು. ಚಿತ್ರ ಬರುವ ಮೊದಲು ಮಾಸ್ಟೊಡಾನ್‌ನಲ್ಲಿ ಬಣ್ಣ ಬಣ್ಣದ ಮಂಜಿನ ಥರ ಕಾಣುತ್ತದಲ್ಲ, ಅದು ಬ್ಲರ್‌ಹ್ಯಾಶ್. ಇಪ್ಪತ್ತು ಮೂವತ್ತು ಅಕ್ಷರದ ಒಂದು ಸಾಲಿನಿಂದ ಆ ಮಸುಕು ಚಿತ್ರ ಹುಟ್ಟುತ್ತದೆ, ಖರ್ಚೇ ಇಲ್ಲ. ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಕಿಟಕಿ ಹೊರಗೂ ಅದೇ, ಫೋನ್ ಒಳಗೂ ಅದೇ. ಅಂಥ ಹೊತ್ತಲ್ಲಿ ಚಿತ್ರದ ಜೊತೆ ಯಾರಾದರೂ ವಿವರಣೆ ಬರೆದಿದ್ದರೆ ಅದೇ ಗತಿ. 1,500 ಅಕ್ಷರದವರೆಗೆ ಬರೆಯಬಹುದು, ಕಣ್ಣು ಕಾಣದವರಿಗಂತೂ ಅದೇ ಚಿತ್ರ.

ಸರಿ, ಏನು ಮಾಡಬೇಕು? ವಿಡಿಯೋ ಹಾಕುವುದಕ್ಕೆಂದೇ ತೆಗೆಯುವುದಾದರೆ 4ಕೆ ಬಿಟ್ಟು 1080ಪಿ, 30 ಫ್ರೇಮ್ ಇಡಿ. ಆಪಲ್ ಲೆಕ್ಕದಲ್ಲಿ ಹೊಸ ಮಾದರಿಯ (ಎಚ್‌ಇವಿಸಿ) ಫೈಲಾದರೆ ಅದು ನಿಮಿಷಕ್ಕೆ 60 ಎಂಬಿ, ಒಂದೂವರೆ ನಿಮಿಷ ಬಾಗಿಲು ದಾಟುತ್ತದೆ. ಅದಕ್ಕಿಂತ ಒಳ್ಳೆಯದು ಕತ್ತರಿಸುವುದು. ಮೂರು ನಿಮಿಷದಲ್ಲಿ ಎರಡು ನಿಮಿಷ ಮುಂದಿನವರ ತಲೆಯೇ ಇರುತ್ತದೆ, ಅಲ್ವಾ. ಫೋಟೋದ ಉದ್ದದ ಬದಿ 2,000 ಪಿಕ್ಸೆಲ್ ಮಾಡಿದರೆ ಧಾರಾಳ ಸಾಕು. ಉದ್ದದ ವಿಡಿಯೋ ಇದ್ದರೆ ಬೇರೆ ಕಡೆ ಹಾಕಿ ಲಿಂಕ್ ಕೊಡಿ. ಹಳೆಯ ಹಾಳುಮೂಳು ಪೋಸ್ಟ್‌ಗಳು ಬೇಡ ಅಂದರೆ ಇಷ್ಟು ಸಮಯದ ಮೇಲೆ ತಾನಾಗೇ ಅಳಿಸು ಅಂತ ಹೇಳುವ ಸೌಲಭ್ಯ ನಿಮ್ಮ ಸೆಟ್ಟಿಂಗ್‌ನಲ್ಲೇ ಇದೆ, ಮೆಚ್ಚಿದ್ದನ್ನು ಉಳಿಸಿಕೊಳ್ಳಬಹುದು.

ಮತ್ತೆ ದಯವಿಟ್ಟು, ಮೂಲ ಫೋಟೋ ನಿಮ್ಮ ಹತ್ತಿರವೇ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದ ಮೇಲೆ ನಮ್ಮ ಕಡೆ ತುಂಬಾ ಜನರಿಗೆ ಫೋಟೋ ಆನ್‌ಲೈನ್‌ನಲ್ಲಿ ಇದ್ದರೆ ಭದ್ರ ಎಂಬ ನಂಬಿಕೆ ಬಂದಿದೆ. ಬಂದದ್ದು ಸಹಜ. ಆದರೆ ನಮ್ಮಂಥವರ ಸರ್ವರ್ ಆ ಕೆಲಸಕ್ಕೆ ಅಲ್ಲ. ಅದು ಚಿತ್ರದ ಅಳತೆ ಕಮ್ಮಿ ಮಾಡಿಯೇ ಇಡುತ್ತದೆ, ಎಲ್ಲಿ ತೆಗೆದದ್ದು ಎಂಬ ಜಿಪಿಎಸ್ ವಿವರವನ್ನೂ ತೆಗೆದುಹಾಕುತ್ತದೆ, ಅದೊಂದು ಒಳ್ಳೆಯದೇ. ಅಡ್ಮಿನ್‌ಗೆ ಸಾಕಾದರೆ ಸರ್ವರ್ ಮುಚ್ಚುತ್ತದೆ. ಮಾಸ್ಟೊಡಾನ್ ತನ್ನ ಅಧಿಕೃತ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳಿಂದ ಮುಚ್ಚುವ ಮೊದಲು ಮೂರು ತಿಂಗಳ ನೋಟಿಸ್, ದಿನಾ ಬ್ಯಾಕಪ್, ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಕೀಲಿ, ಇಷ್ಟನ್ನು ಕೇಳುತ್ತದೆ. ಎಲ್ಲರೂ ಆ ಪಟ್ಟಿಯಲ್ಲಿ ಇಲ್ಲ. ಬೇರೆ ಸರ್ವರ್‌ಗೆ ಹೋದರೆ ಫಾಲೋವರ್ಸ್ ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್, ಫೋಟೋ ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಏಳು ದಿನಕ್ಕೊಮ್ಮೆ ನಿಮ್ಮ ಎಲ್ಲ ಪೋಸ್ಟ್, ಮೀಡಿಯಾ ಸೇರಿಸಿದ ಒಂದು ಕಟ್ಟು ಕೇಳಿ ಇಳಿಸಿಕೊಳ್ಳಬಹುದು. ವರ್ಷಕ್ಕೆ ಒಮ್ಮೆಯಾದರೂ ಮಾಡಿ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ಇಡುವ ದಿನವೇ ಇದನ್ನೂ ಇಟ್ಟುಕೊಂಡರೆ ಮರೆಯುವುದಿಲ್ಲ.

ಭಾವ ಕೊನೆಗೆ 38 ಸೆಕೆಂಡ್‌ಗೆ ಇಳಿದರು. ರಾಕ್ಷಸ ಎದ್ದು ನಿಲ್ಲುವ ಜಾಗದಿಂದ ದೇವಿ ಶೂಲ ಎತ್ತುವ ತನಕ, 1080ಪಿ. ಒಂದೇ ಸಲಕ್ಕೆ ಹೋಯಿತು. ಮಾರನೇ ದಿನ ಫಿನ್ಲೆಂಡ್‌ನ ಯಾವುದೋ ಸರ್ವರ್‌ನವರೊಬ್ಬರು ಆ ರಾಕ್ಷಸ ಯಾರು, ಒಳಗೆ ಮನುಷ್ಯರು ಇದ್ದಾರಾ ಅಂತ ಕೇಳಿದ್ದರು. ಭಾವ ಅರ್ಧ ಗಂಟೆ ಕೂತು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು. ಆಮೇಲೆ ನನಗೆ ಫೋನ್.

"ಸರಿ ಮಾರಾಯ, ಪುತ್ತರಿ ಹಬ್ಬಕ್ಕೆ ಎಷ್ಟು ಸೆಕೆಂಡ್ ಕೊಡ್ತೀಯ?"